ಮುಖದ ಚರ್ಮವನ್ನು ಗಟ್ಟಿಮಾಡಿ ಹುಬ್ಬು ಸೀಳುವುದನ್ನು ತಡೆಯಲು ಸಾಧ್ಯವೇ?

ಮಿಡಲ್‌ವೇಟ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಅಮೆಚೂರ್ ಬಾಕ್ಸರ್. ಕಿರಿಯರ ವಿಭಾಗದಲ್ಲಿ ಹೆಡ್‌ಗಾರ್ಡ್ ಹಾಕಿಕೊಂಡು ಆಡುತ್ತಿದ್ದಷ್ಟು ಕಾಲ ನನ್ನ ಮುಖದಲ್ಲಿ ರಕ್ತ ಕಂಡಿದ್ದರೆ ಅದು ಮೂಗಿನಿಂದ ಬಂದದ್ದು ಮಾತ್ರ. ಹಿರಿಯರ ವಿಭಾಗಕ್ಕೆ ಬಂದು ಹೆಡ್‌ಗಾರ್ಡ್ ಇಲ್ಲದೆ ಆಡತೊಡಗಿದ ಮೇಲೆ ಎಡಹುಬ್ಬಿನ ಹೊರತುದಿ ಎರಡು ಸಲ ಸೀಳಿತು. ಮೊದಲನೆಯದು ಎದುರಾಳಿಯ ತಲೆ ತಾಗಿ ಆದದ್ದು. ಅದಕ್ಕೆ ಹೊಲಿಗೆ ಹಾಕಿಸಿಕೊಂಡು, ಹೊಲಿಗೆ ಬಿಚ್ಚಿಸಿ, ಗಾಯ ಪೂರ್ತಿ ಕೂಡಿಕೊಂಡಿದೆ ಎಂದು ಎಲ್ಲರೂ ಹೇಳಿದ ಮೇಲೆಯೇ ಸ್ಪಾರಿಂಗ್‌ಗೆ (ಜೊತೆಗಾರನೊಡನೆ ಅಭ್ಯಾಸದ ಹೊಡೆದಾಟಕ್ಕೆ) ಇಳಿದಿದ್ದೆ. ಆದರೂ ಮುಂದಿನ ಪಂದ್ಯದ ಎರಡನೆಯ ರೌಂಡಿನಲ್ಲಿ ಅಷ್ಟೇನೂ ಬಲವಿಲ್ಲದ ಒಂದು ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಹೊಡೆಯುವ ಪಂಚ್) ತಗುಲಿ ಅದೇ ಜಾಗ ಮತ್ತೆ ಬಾಯ್ಬಿಟ್ಟಿತು, ರಕ್ತ ಕಣ್ಣಿಗಿಳಿಯಿತು, ವೈದ್ಯರು ಪಂದ್ಯ ನಿಲ್ಲಿಸಿದರು. ಸೋತದ್ದಕ್ಕಿಂತ, ಇನ್ನು ಮುಂದೆ ಪ್ರತಿ ಪಂದ್ಯವೂ ಹೀಗೆಯೇ ಮುಗಿಯುವುದೇನೋ ಎಂಬ ಆತಂಕವೇ ನನ್ನನ್ನು ಹೆಚ್ಚು ಕಾಡುತ್ತಿದೆ.

ನಮ್ಮ ಜಿಮ್‌ನ ಹಿರಿಯರೆಲ್ಲ ಒಂದೇ ಮಾತು ಹೇಳುತ್ತಾರೆ: ಚರ್ಮ ಗಟ್ಟಿಮಾಡಿಕೋ. ಒಬ್ಬರು ದಿನವೂ ದಟ್ಟವಾದ ಉಪ್ಪುನೀರಿನಲ್ಲಿ ಮುಖ ಅದ್ದು ಎಂದರೆ, ಇನ್ನೊಬ್ಬರು ವಿನಿಗರ್ ಹಚ್ಚು ಎನ್ನುತ್ತಾರೆ, ಮತ್ತೊಬ್ಬರು ಪಟಿಕವನ್ನು ತೇಯ್ದು ಹುಬ್ಬಿಗೆ ಬಳಿ ಎನ್ನುತ್ತಾರೆ. ಒರಟು ಟವೆಲ್ಲಿನಿಂದ ದಿನವೂ ತಿಕ್ಕಿದರೆ ಹುಬ್ಬಿನ ಮೇಲಿನ ಚರ್ಮವೂ ಅಂಗೈಯ ಹಾಗೆ ಜಡ್ಡುಗಟ್ಟುತ್ತದೆ ಎಂಬ ಸಲಹೆಯೂ ಬಂದಿದೆ. ಇವುಗಳಲ್ಲಿ ಯಾವುದಾದರೂ ನಿಜವಾಗಿ ಕೆಲಸ ಮಾಡುತ್ತದೆಯೇ? ಮಾಡದಿದ್ದರೆ, ಒಮ್ಮೆ ಸೀಳಿದ ಹುಬ್ಬನ್ನು ಮತ್ತೆ ಸೀಳದಂತೆ ಕಾಪಾಡಿಕೊಳ್ಳಲು ಬೇರೆ ದಾರಿ ಏನಿದೆ? ಊಟದಲ್ಲಿ, ಮಾತ್ರೆಗಳಲ್ಲಿ ಏನಾದರೂ ಬದಲಾಯಿಸಬೇಕೇ? ಅನುಭವಿಗಳೂ ವೈದ್ಯರೂ ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಚರ್ಮವೈದ್ಯೆ

ನಾನು ಚರ್ಮರೋಗ ತಜ್ಞೆ. ಬಾಕ್ಸರ್‌ಗಳ ಹುಬ್ಬಿನ ಕಲೆಗಳನ್ನು ಆಗಾಗ ನೋಡುತ್ತಿರುತ್ತೇನೆ, ಆದ್ದರಿಂದ ನಿಮ್ಮ ಆತಂಕ ನನಗೆ ಹೊಸದಲ್ಲ. ನೀವು ಹೇಳಿದ ನಾಲ್ಕು ಉಪಾಯಗಳಲ್ಲಿ ಯಾವುದೂ ಹುಬ್ಬಿನ ಚರ್ಮವನ್ನು ಸೀಳದಂತೆ ಮಾಡಲಾರದು. ದಿನವೂ ಮಾಡುತ್ತ ಹೋದರೆ ಸೀಳುವ ಸಂಭವವನ್ನು ಹೆಚ್ಚಿಸಲೂಬಹುದು. ಹೀಗೇಕೆ ಎಂಬುದು ತಿಳಿಯಬೇಕಾದರೆ ಈ ಗಾಯ ಆಗುವ ಬಗೆಯನ್ನು ಮೊದಲು ನೋಡಬೇಕು.

ಕನ್ನಡಿಯ ಮುಂದೆ ನಿಂತು, ಹುಬ್ಬಿನ ಮೇಲೆ ತೋರುಬೆರಳಿಟ್ಟು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಸ್ವಲ್ಪ ಒತ್ತಿ ನಿಧಾನವಾಗಿ ಎಳೆಯಿರಿ. ಹೊರತುದಿಗೆ ಬರುವ ಹೊತ್ತಿಗೆ ಬೆರಳಿನ ಕೆಳಗೆ ಮೂಳೆಯ ಅಂಚೊಂದು ಸ್ಪಷ್ಟವಾಗಿ ಸಿಗುತ್ತದೆ. ಅದು ಕಣ್ಣಿನ ಗುಳಿಯ ಮೇಲಂಚು. ಕೆನ್ನೆಯಲ್ಲಿರುವಷ್ಟು ಕೊಬ್ಬಿನ ಮೆತ್ತೆ ಅಲ್ಲಿಲ್ಲ. ಚರ್ಮ, ತೆಳುವಾದ ಸ್ನಾಯು, ಅದರಡಿಯಲ್ಲೇ ಮೂಳೆ. ಗ್ಲೌಸ್ ಬಂದು ಬಿದ್ದಾಗ ಅಥವಾ ಎದುರಾಳಿಯ ತಲೆ ತಾಗಿದಾಗ ಚರ್ಮವು ಹೊರಗಿನ ಪೆಟ್ಟಿಗೂ ಒಳಗಿನ ಅಂಚಿಗೂ ನಡುವೆ ಸಿಕ್ಕಿಕೊಂಡು ಒಡೆಯುತ್ತದೆ. ಈ ಕಾರಣದಿಂದಲೇ ಗಾಯ ಮೇಲಿನಿಂದ ನೇರವಾಗಿ, ಹರಿತವಾಗಿ ಕಂಡರೂ ಒಳಗೆ ಅದರ ಅಂಚುಗಳು ಜಜ್ಜಿಹೋಗಿರುತ್ತವೆ. ಮೂಳೆಯ ಅಂಚು ಎಷ್ಟು ಚೂಪಾಗಿದೆ ಎಂಬುದು ಹುಟ್ಟಿನಿಂದ ಬಂದದ್ದು. ಒಂದೇ ಬಗೆಯ ಪೆಟ್ಟು ತಿಂದ ಇಬ್ಬರಲ್ಲಿ ಒಬ್ಬನಿಗೆ ಬಾವು ಬಂದು, ಇನ್ನೊಬ್ಬನಿಗೆ ಚರ್ಮ ಒಡೆಯುವುದಕ್ಕೆ ಚರ್ಮಕ್ಕಿಂತ ಹೆಚ್ಚಾಗಿ ಈ ಅಂಚೇ ಕಾರಣ.

ಇನ್ನು ಗಟ್ಟಿಮಾಡುವ ವಿಚಾರ. ಚರ್ಮದ ಬಲವಿರುವುದು ಹೊರಪದರದಲ್ಲಲ್ಲ, ಅದರ ಕೆಳಗಿನ ಒಳಪದರದಲ್ಲಿ. ಅಲ್ಲಿ ಕೊಲಾಜೆನ್ ಎಳೆಗಳು ಒಂದರೊಳಗೊಂದು ಹೆಣೆದುಕೊಂಡು ಎಳೆತವನ್ನು ತಡೆಯುತ್ತವೆ, ಇಲಾಸ್ಟಿನ್ ಎಳೆಗಳು ಹಿಗ್ಗಿದ ಚರ್ಮವನ್ನು ಮತ್ತೆ ಮೊದಲಿನ ಸ್ಥಿತಿಗೆ ತರುತ್ತವೆ. ಅಂಗೈ ಜಡ್ಡುಗಟ್ಟಿದಾಗ ದಪ್ಪವಾಗುವುದು ಹೊರಪದರದ ಸತ್ತ ಜೀವಕೋಶಗಳ ರಾಶಿ ಮಾತ್ರ. ಅಲ್ಲದೆ ಅಂಗೈ ಅಂಗಾಲುಗಳ ಚರ್ಮವು ತಿಕ್ಕಾಟವನ್ನು ತಾಳಿಕೊಳ್ಳಲೆಂದೇ ಬೇರೆ ಬಗೆಯಲ್ಲಿ ರಚನೆಗೊಂಡಿದೆ. ಹುಬ್ಬಿನದು ಹಾಗಲ್ಲ, ಅದರ ಕೆಳಗಿನ ರೆಪ್ಪೆಯ ಚರ್ಮವಂತೂ ಇಡೀ ದೇಹದಲ್ಲೇ ಅತಿ ತೆಳುವಾದದ್ದು. ಅಲ್ಲಿ ಟವೆಲ್ಲಿನಿಂದ ತಿಕ್ಕಿದರೆ ಜಡ್ಡುಗಟ್ಟುವ ಮೊದಲೇ ಉರಿಯೂತ ಬರುತ್ತದೆ, ಬಣ್ಣ ಕಪ್ಪಾಗುತ್ತದೆ, ಹುಬ್ಬಿನ ಕೂದಲು ಮುರಿಯುತ್ತದೆ. ಒಂದು ವೇಳೆ ಜಡ್ಡುಗಟ್ಟಿತು ಎಂದೇ ಇಟ್ಟುಕೊಳ್ಳಿ, ಆ ದಪ್ಪಗಾದ ಪದರಕ್ಕೆ ಹಿಗ್ಗುವ ಗುಣವಿರುವುದಿಲ್ಲ. ಹಿಮ್ಮಡಿ ದಪ್ಪಗಾದಷ್ಟೂ ಬಿರುಕು ಬಿಡುವುದನ್ನು ನೀವು ನೋಡಿರುತ್ತೀರಿ.

ದಟ್ಟ ಉಪ್ಪುನೀರು ಹೊರಪದರದಲ್ಲಿರುವ ನೀರನ್ನು ಹೀರಿ ತೆಗೆಯುತ್ತದೆ. ಮುಖ ತೊಳೆದ ಮೇಲೆ ಚರ್ಮ ಬಿಗಿದುಕೊಂಡ ಅನುಭವ ಆಗುತ್ತದಲ್ಲ, ಅದನ್ನೇ ಜನ ಗಟ್ಟಿತನವೆಂದು ಭಾವಿಸುತ್ತಾರೆ. ಪೆಟ್ಟು ಬಿದ್ದಾಗ ಚರ್ಮವನ್ನು ಉಳಿಸುವುದು ಅದು ಮೂಳೆಯ ಮೇಲೆ ಸ್ವಲ್ಪ ಜಾರಿ, ಸ್ವಲ್ಪ ಹಿಗ್ಗಿ ಪೆಟ್ಟಿನ ಬಲವನ್ನು ಹಂಚಿಕೊಳ್ಳುವ ಗುಣ. ಹಸಿ ಎಲೆಯನ್ನು ಮಡಚಿದರೆ ಬಾಗುತ್ತದೆ, ಒಣಗಿದ ಎಲೆಯನ್ನು ಮಡಚಿದರೆ ಮುರಿಯುತ್ತದೆ. ವಿನಿಗರ್ ಒಂದು ಆಮ್ಲ. ದಿನವೂ ಹಚ್ಚಿದರೆ ಚರ್ಮದ ರಕ್ಷಣಾ ಪದರವನ್ನು ಹಾಳುಮಾಡುತ್ತದೆ, ಕಣ್ಣಿಗೆ ಇಳಿದರೆ ಬೇರೆಯೇ ತೊಂದರೆ. ಪಟಿಕಕ್ಕೆ ಸಂಕೋಚನದ ಗುಣವಿರುವುದು ನಿಜ, ಗಡ್ಡ ಹೆರೆಯುವಾಗ ಆದ ಚಿಕ್ಕ ಗೀರಿನಿಂದ ಒಸರುವ ರಕ್ತವನ್ನು ಅದು ನಿಲ್ಲಿಸುತ್ತದೆ; ಆದರೆ ಮುಂದೆ ಆಗಲಿರುವ ಗಾಯವನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಪ್ರಾಣಿಗಳ ತೊಗಲನ್ನು ಉಪ್ಪು, ಪಟಿಕ, ಮರದ ತೊಗಟೆಯ ಟ್ಯಾನಿನ್‌ಗಳಿಂದ ಹದಮಾಡುವುದನ್ನು ಕಂಡೇ ಈ ಉಪಾಯಗಳು ಹುಟ್ಟಿರಬೇಕೆಂದು ನನಗನಿಸುತ್ತದೆ. ಅಲ್ಲಿ ಹೊರಪದರವನ್ನೂ ಕೂದಲನ್ನೂ ಪೂರ್ತಿ ತೆಗೆದುಹಾಕಿ, ಉಳಿದ ನಿರ್ಜೀವ ಕೊಲಾಜೆನ್‌ನ ಒಳಕ್ಕೆ ರಾಸಾಯನಿಕವನ್ನು ಇಳಿಸುತ್ತಾರೆ. ಜೀವಂತ ಚರ್ಮದ ಹೊರಪದರ ಅವನ್ನು ಒಳಗೆ ಬಿಡುವುದಿಲ್ಲ. ಬಿಟ್ಟರೆ ಆ ಚರ್ಮ ಉಳಿಯುವುದಿಲ್ಲ.

ನಿಮ್ಮ ವಿಷಯದಲ್ಲಿ ನನಗೆ ಮುಖ್ಯವಾಗಿ ಕಂಡದ್ದು, ಗಾಯ ಕೂಡಿಕೊಂಡಿದೆ ಎಂದು ಎಲ್ಲರೂ ಹೇಳಿದರು ಎಂಬ ನಿಮ್ಮ ಮಾತು. ಮುಖದ ಹೊಲಿಗೆಗಳನ್ನು ಸಾಮಾನ್ಯವಾಗಿ 5ರಿಂದ 7 ದಿನಗಳಲ್ಲಿ ಬಿಚ್ಚುತ್ತಾರೆ. ಹೊಲಿಗೆ ಹೆಚ್ಚು ದಿನ ಉಳಿದರೆ ಅದರದೇ ಗುರುತು ಚರ್ಮದ ಮೇಲೆ ಉಳಿಯುತ್ತದೆ ಎಂಬ ಕಾರಣಕ್ಕೆ ಹಾಗೆ ಮಾಡುವುದೇ ಹೊರತು, ಗಾಯಕ್ಕೆ ಬಲ ಬಂದಿದೆ ಎಂದಲ್ಲ. ಹೊಲಿಗೆ ಬಿಚ್ಚಿದ ದಿನ ಆ ಜಾಗಕ್ಕೆ ಮೂಲ ಚರ್ಮದ ಬಲದ ಹತ್ತರಲ್ಲಿ ಒಂದು ಪಾಲೂ ಬಂದಿರುವುದಿಲ್ಲ. ಮೂರು ವಾರಗಳಾದರೂ ಸುಮಾರು ಮೂರರಲ್ಲೊಂದು ಪಾಲಷ್ಟೇ. ದೇಹವು ಮೊದಲು ಅವಸರದಲ್ಲಿ ಹಾಕಿದ ಕೊಲಾಜೆನ್ನನ್ನು ತೆಗೆದು ಗಟ್ಟಿಯಾದ ಬೇರೆ ಬಗೆಯ ಕೊಲಾಜೆನ್ನನ್ನು ಹಾಕುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ, ಒಂದು ವರ್ಷದವರೆಗೂ ಮುಂದುವರಿಯಬಹುದು. ಇಷ್ಟೆಲ್ಲ ಆದ ಮೇಲೂ ಕಲೆಯ ಬಲ ಮೂಲ ಚರ್ಮದ ಸುಮಾರು ಶೇ. 80ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಲೆಯಲ್ಲಿ ಎಳೆಗಳ ಹೆಣಿಗೆ ಸಹಜವಾಗಿರುವುದಿಲ್ಲ, ಇಲಾಸ್ಟಿನ್ ತೀರ ಕಡಿಮೆ. ಹೀಗಾಗಿ ಅದು ಹಿಗ್ಗುವುದಿಲ್ಲ. ನಿಮ್ಮ ಹುಬ್ಬು ಸಣ್ಣ ಹುಕ್ಕಿಗೆ ಒಡೆದದ್ದು ನಿಮ್ಮ ಚರ್ಮ ದುರ್ಬಲ ಎಂಬ ಕಾರಣಕ್ಕಲ್ಲ, ಮಾಗದ ಕಲೆಯ ಮೇಲೆ ಪೆಟ್ಟು ಬಿದ್ದ ಕಾರಣಕ್ಕೆ.

ಆರೈಕೆಯ ವಿಷಯ ಸರಳವಾಗಿದೆ. ಮೃದುವಾದ ಸೋಪಿನಿಂದ ಮುಖ ತೊಳೆದು, ನೀರಿನ ಪಸೆ ಆರುವ ಮೊದಲೇ ಮಾಯಿಶ್ಚರೈಸರ್ ಹಚ್ಚಿಕೊಳ್ಳಿ. ಹಗಲು ಹೊರಗೆ ಓಡುವವರಾದರೆ ಸನ್‌ಸ್ಕ್ರೀನ್ ಬೇಕು, ಏಕೆಂದರೆ ಬಿಸಿಲು ಕೊಲಾಜೆನ್ನನ್ನು ಕೆಡಿಸುತ್ತದೆ. ತೂಕ ಇಳಿಸಲು ನೀರು ಬಿಟ್ಟು ಒಣಗುವ ಅಭ್ಯಾಸ ಚರ್ಮಕ್ಕೂ ಒಳ್ಳೆಯದಲ್ಲ. ಧೂಮಪಾನವಿದ್ದರೆ ಗಾಯ ಮಾಗುವುದು ನಿಧಾನವಾಗುತ್ತದೆ. ಊಟದಲ್ಲಿ ಪ್ರೋಟೀನ್, ವಿಟಮಿನ್ ಸಿ, ಸತುವಿನ ಅಂಶ ಸಾಕಷ್ಟಿರಲಿ; ವಿಟಮಿನ್ ಸಿ ಇಲ್ಲದೆ ದೇಹಕ್ಕೆ ಸರಿಯಾದ ಕೊಲಾಜೆನ್ ಕಟ್ಟಲಾಗದು. ಹಾಗೆಂದು ಕೊರತೆ ಇಲ್ಲದವರು ಮಾತ್ರೆಗಳನ್ನು ನುಂಗಿ ಹೆಚ್ಚು ಗಟ್ಟಿಯಾದ ಚರ್ಮ ಪಡೆಯಬಹುದು ಎಂದುಕೊಳ್ಳಬೇಡಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮೊಡವೆ, ತುರಿಕೆ, ಕಪ್ಪುಕಲೆ ಎಂದು ಯಾರೋ ಹೇಳಿದ ಸ್ಟೀರಾಯ್ಡ್ ಮುಲಾಮನ್ನು, ಬೀಟಾಮೆಥಾಸೋನ್‌ನಂಥವನ್ನು, ಮುಖಕ್ಕೆ ತಿಂಗಳುಗಟ್ಟಲೆ ಹಚ್ಚುವವರನ್ನು ನಾನು ನೋಡುತ್ತಲೇ ಇರುತ್ತೇನೆ. ಅದು ಚರ್ಮವನ್ನು ನಿಜಕ್ಕೂ ತೆಳುವಾಗಿಸುತ್ತದೆ, ಬಾಕ್ಸರನ ಮುಖಕ್ಕೆ ಅದಕ್ಕಿಂತ ಕೆಟ್ಟದ್ದು ಇನ್ನಿಲ್ಲ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ನೀವು ಬಾಕ್ಸರ್ ಎಂಬುದನ್ನು ವೈದ್ಯರಿಗೆ ತಿಳಿಸಿ, ಅದರಿಂದ ಚರ್ಮ ಒಣಗಿ ಸೂಕ್ಷ್ಮವಾಗುತ್ತದೆ. ನೋವಿಗೆಂದು ತೆಗೆದುಕೊಳ್ಳುವ ಆಸ್ಪಿರಿನ್ ಗಾಯ ಮಾಡುವುದಿಲ್ಲ, ಆದರೆ ಆದ ಗಾಯದಿಂದ ರಕ್ತ ಬೇಗ ನಿಲ್ಲದಂತೆ ಮಾಡುತ್ತದೆ; ಅದರ ಪರಿಣಾಮ ಪ್ಲೇಟ್‌ಲೆಟ್‌ಗಳ ಮೇಲೆ ವಾರದಷ್ಟು ಕಾಲ, ಇನ್ನೂ ತುಸು ಹೆಚ್ಚೇ ಉಳಿಯುವುದರಿಂದ, ಪಂದ್ಯದ ಹಿಂದಿನ ದಿನ ನಿಲ್ಲಿಸಿದರೆ ಏನೂ ಪ್ರಯೋಜನವಾಗದು.

ಹಳೆಯ ಗ್ಲೌಸ್

ಡಾಕ್ಟರ್ ಅವರ ಮಾತನ್ನು ಗೌರವದಿಂದ ಓದಿದೆ. ಆದರೂ ಉಪ್ಪುನೀರನ್ನು ಇಷ್ಟು ಸುಲಭವಾಗಿ ತಳ್ಳಿಹಾಕಲು ನನಗೆ ಮನಸ್ಸು ಒಪ್ಪುವುದಿಲ್ಲ. 1919ರಲ್ಲಿ ಜೆಸ್ ವಿಲ್ಲರ್ಡ್‌ನಂಥ ದೈತ್ಯನನ್ನು ಸೋಲಿಸಿ ಹೆವಿವೇಟ್ ಪಟ್ಟ ಗೆದ್ದ ಜ್ಯಾಕ್ ಡೆಂಪ್ಸಿ ತಮ್ಮ ಮುಖವನ್ನೂ ಕೈಗಳನ್ನೂ ಉಪ್ಪುನೀರಿನಲ್ಲಿ ನೆನೆಸುತ್ತಿದ್ದುದು ಎಲ್ಲರಿಗೂ ತಿಳಿದ ಸಂಗತಿ. ನಾವೂ ಪ್ರಾಯದಲ್ಲಿ ಅದನ್ನೇ ಮಾಡಿದೆವು, ನಮ್ಮ ಪೈಕಿ ಅನೇಕರ ಹುಬ್ಬು ಕೊನೆಯವರೆಗೂ ಒಡೆಯಲಿಲ್ಲ. ಅನುಭವದಿಂದ ಬಂದ ಪದ್ಧತಿಗೂ ಒಂದು ಬೆಲೆ ಇರಬೇಕಲ್ಲವೇ?

ಚರ್ಮವೈದ್ಯೆ

ಖಂಡಿತ ಇದೆ, ಹಿರಿಯರೇ. ನೀವು ಎತ್ತಿದ ಮಾತಿಗೆ ಸರಿಯಾದ ಉತ್ತರ ಕೊಡುವುದು ನನ್ನ ಕರ್ತವ್ಯ.

ಗ್ಲೌಸ್ ಇಲ್ಲದೆ ಬರಿಗೈಯಲ್ಲಿ ಹೊಡೆದಾಡುತ್ತಿದ್ದ ಕಾಲದಲ್ಲಿ ಗೆಣ್ಣುಗಳ ಮೇಲಿನ ಚರ್ಮ ಕಿತ್ತುಬರದಿರಲೆಂದು ಕೈಗಳನ್ನು ಉಪ್ಪುನೀರಿನಲ್ಲಿ ನೆನೆಸುವ ರೂಢಿ ಇತ್ತು. ಡೆಂಪ್ಸಿಯವರ ಕಾಲಕ್ಕೆ ಗ್ಲೌಸ್ ಬಂದಿತ್ತು, ರೂಢಿ ಮಾತ್ರ ಉಳಿದಿತ್ತು. ಡೆಂಪ್ಸಿ ತಗ್ಗಿ, ಬಳುಕಿ, ತಲೆಯನ್ನು ಒಂದೆಡೆ ನಿಲ್ಲಿಸದೆ ಮುನ್ನುಗ್ಗುತ್ತಿದ್ದವರು. ಅವರ ಪಂದ್ಯಗಳಲ್ಲಿ ಎಷ್ಟೋ ಮೊದಲ ಕೆಲವು ರೌಂಡುಗಳಲ್ಲೇ ಮುಗಿಯುತ್ತಿದ್ದವು. ಹುಬ್ಬು ಉಳಿದದ್ದು ಉಪ್ಪಿನಿಂದಲೋ ಈ ಆಟದಿಂದಲೋ ಎಂಬುದನ್ನು ಬೇರ್ಪಡಿಸಿ ಹೇಳಲು ಬರುವುದಿಲ್ಲ. ನಿಮ್ಮ ಗೆಳೆಯರ ವಿಷಯದಲ್ಲೂ ಅಷ್ಟೇ: ಹುಬ್ಬಿನ ಮೂಳೆ ದುಂಡಗಿದ್ದವರು ಉಪ್ಪುನೀರಿಲ್ಲದೆಯೂ ಉಳಿಯುತ್ತಿದ್ದರು.

ಇನ್ನೊಂದು ಕಡೆಯಿಂದ ನೋಡಿ. ಬ್ರಿಟನ್ನಿನ ಹೆನ್ರಿ ಕೂಪರ್ ಬಲಶಾಲಿ ಹೆವಿವೇಟ್; ಮುಂದೆ ಮುಹಮ್ಮದ್ ಅಲಿ ಎಂದು ಹೆಸರಾದ ಕ್ಯಾಸಿಯಸ್ ಕ್ಲೇ ಅವರನ್ನು 1963ರಲ್ಲಿ ತಮ್ಮ ಎಡಗೈ ಹುಕ್ಕಿನಿಂದ ನೆಲಕ್ಕುರುಳಿಸಿದವರು. ಆ ಪಂದ್ಯ ಐದನೆಯ ರೌಂಡಿನಲ್ಲಿ ಕೂಪರ್ ಅವರ ಕಣ್ಣಿನ ಬಳಿಯ ಗಾಯದಿಂದಲೇ ನಿಂತಿತು, 1966ರ ಮರುಪಂದ್ಯವೂ ಆರನೆಯ ರೌಂಡಿನಲ್ಲಿ ಗಾಯದಿಂದಲೇ ನಿಂತಿತು. ಮೇಲೆದ್ದ ಹುಬ್ಬಿನ ಮೂಳೆ ಅವರ ವೃತ್ತಿಜೀವನದುದ್ದಕ್ಕೂ ಕಾಡಿತು. ಚರ್ಮ ಗಟ್ಟಿಮಾಡುವ ಉಪಾಯಗಳು ಬಾಕ್ಸಿಂಗ್ ಲೋಕದಲ್ಲಿ ಯಾರಿಂದಲೂ ಮುಚ್ಚಿಟ್ಟ ಗುಟ್ಟಾಗಿರಲಿಲ್ಲ. ಅವು ಫಲ ಕೊಡುವಂತಿದ್ದರೆ ಇಂಥ ವೃತ್ತಿಜೀವನಗಳೇ ಇರುತ್ತಿರಲಿಲ್ಲ.

ಕಾರ್ನರ್ ಕೋಚ್

ಡಾಕ್ಟರ್ ಚರ್ಮದ ಬಗ್ಗೆ ಹೇಳಬೇಕಾದದ್ದನ್ನು ಹೇಳಿದ್ದಾರೆ. ನಾನು ರಿಂಗಿನ ಬಗ್ಗೆ ಬರೆಯುತ್ತೇನೆ. ಮಿಡಲ್‌ವೇಟ್ ಅವರೇ, ನೀವು ಕೇಳಬೇಕಾದ ಪ್ರಶ್ನೆ ಚರ್ಮವನ್ನು ಹೇಗೆ ಗಟ್ಟಿಮಾಡಲಿ ಎಂಬುದಲ್ಲ, ನನ್ನ ಹುಬ್ಬಿಗೆ ಏನೇನು ಬಂದು ತಾಗುತ್ತಿದೆ ಎಂಬುದು.

ನೀವು ಬರೆದಿರುವಂತೆ ಮೊದಲ ಗಾಯ ತಲೆ ತಾಗಿ ಆದದ್ದು. ಹೆಡ್‌ಗಾರ್ಡ್ ಇಲ್ಲದ ಆಟದಲ್ಲಿ ಹುಬ್ಬು ಸೀಳಲು ಇದೊಂದು ದೊಡ್ಡ ಕಾರಣ. 1984ರ ಒಲಿಂಪಿಕ್ಸ್‌ನಿಂದ ಕಡ್ಡಾಯವಾಗಿದ್ದ ಹೆಡ್‌ಗಾರ್ಡನ್ನು ಹಿರಿಯ ಪುರುಷರ ಅಂತರರಾಷ್ಟ್ರೀಯ ಅಮೆಚೂರ್ ಬಾಕ್ಸಿಂಗ್‌ನಲ್ಲಿ 2013ರಲ್ಲಿ ತೆಗೆದರು, 2016ರ ರಿಯೊದಲ್ಲಿ ಪುರುಷರು ಅದಿಲ್ಲದೆ ಆಡಿದರು. ಅದನ್ನು ತೆಗೆದ ಮೇಲೆ ಸೀಳುಗಾಯಗಳು ಹೆಚ್ಚಿದವು. ಕಿರಿಯರ ವಿಭಾಗದಲ್ಲಿ ತಲೆ ಮುಂದಿಟ್ಟು ನುಗ್ಗುವ ಅಭ್ಯಾಸಕ್ಕೆ ಹೆಡ್‌ಗಾರ್ಡ್ ರಕ್ಷಣೆ ಕೊಟ್ಟಿರುತ್ತದೆ. ಅದು ಹೋದ ದಿನ ಅಭ್ಯಾಸ ಮಾತ್ರ ಹಾಗೆಯೇ ಉಳಿಯುತ್ತದೆ. ನಿಮ್ಮ ಪಂದ್ಯಗಳ ವಿಡಿಯೊ ಇದ್ದರೆ ಒಂದೊಂದೇ ವಿನಿಮಯವನ್ನು ನಿಲ್ಲಿಸಿ ನೋಡಿ. ಬಲಗೈ ಪಂಚ್ ಹಾಕಿದ ಮೇಲೆ ನಿಮ್ಮ ತಲೆ ಮುಂಗಾಲಿನ ಮೊಣಕಾಲನ್ನು ದಾಟಿ ಮುಂದಕ್ಕೆ ಹೋಗಿ, ಎದುರಾಳಿಯ ತಲೆಯ ನೇರಕ್ಕೇ ನಿಲ್ಲುತ್ತಿದೆಯೇ? ಹಾಗಿದ್ದರೆ ಅದನ್ನು ತಿದ್ದಿಕೊಳ್ಳುವುದು ಯಾವ ಮುಲಾಮಿಗಿಂತಲೂ ದೊಡ್ಡ ರಕ್ಷಣೆ. ಗಲ್ಲ ಒಳಗೆ, ಪಂಚ್ ಮುಗಿದ ಕ್ಷಣ ತಲೆ ಮಧ್ಯದ ಗೆರೆಯಿಂದ ಪಕ್ಕಕ್ಕೆ, ಒಳಗೆ ನುಗ್ಗಿದರೆ ಕೈಗಳಿಂದ ಎದುರಾಳಿಯ ತೋಳುಗಳನ್ನು ಕಟ್ಟಿ, ತಲೆಯನ್ನು ಅವನ ಭುಜದ ಬದಿಗೆ ಇಡುವುದು: ಇವನ್ನು ಸ್ಪಾರಿಂಗ್‌ನಲ್ಲಿ ಬೇರೆಯಾಗಿಯೇ ಅಭ್ಯಾಸ ಮಾಡಿಸಬೇಕು. ಎಡಗೈಯವರ ಎದುರು ಇನ್ನೂ ಹೆಚ್ಚು ಎಚ್ಚರ ಬೇಕು, ಏಕೆಂದರೆ ಇಬ್ಬರ ಮುಂಗಾಲುಗಳೂ ಒಂದೇ ಗೆರೆಯ ಮೇಲೆ ಬರುವುದರಿಂದ ತಲೆಗಳು ಡಿಕ್ಕಿಯಾಗುವುದು ಸಾಮಾನ್ಯ.

ಗ್ಲೌಸಿನ ಸ್ಥಿತಿಯನ್ನು ಯಾರೂ ಗಮನಿಸುವುದಿಲ್ಲ, ಗಮನಿಸಲೇಬೇಕು. ಹೊರಮೈ ಒಣಗಿ ಬಿರಿದ, ಹೊಲಿಗೆ ಎದ್ದ ಗ್ಲೌಸ್ ಚರ್ಮವನ್ನು ಹಿಡಿದು ಎಳೆಯುತ್ತದೆ. ಒಳಗಿನ ಮೆತ್ತೆ ಗೆಣ್ಣಿನ ಭಾಗದಲ್ಲಿ ಕುಗ್ಗಿಹೋಗಿದ್ದರೆ ಬರಿ ಗೆಣ್ಣೇ ಬಂದು ಬಿದ್ದಂತೆ. ಬಿದ್ದೆದ್ದ ಬಾಕ್ಸರನ ಗ್ಲೌಸನ್ನು ರೆಫ್ರಿ ತಮ್ಮ ಅಂಗಿಗೆ ಒರೆಸುವುದನ್ನು ನೋಡಿದ್ದೀರಲ್ಲ, ನೆಲದ ಕಸ, ಧೂಳು ಎದುರಾಳಿಯ ಕಣ್ಣಿಗೆ ಹೋಗದಿರಲಿ ಎಂದು ಹಾಗೆ ಮಾಡುತ್ತಾರೆ. ಸ್ಪಾರಿಂಗ್‌ನಲ್ಲಿ ಅದನ್ನು ಮಾಡುವವರಿಲ್ಲ, ಆದ್ದರಿಂದ ನೀವೇ ಗ್ಲೌಸನ್ನು ಒರೆಸಿಡಿ. ಸ್ಪಾರಿಂಗ್‌ಗೆ 16 ಔನ್ಸ್ ಗ್ಲೌಸ್, ಹುಬ್ಬನ್ನೂ ಕೆನ್ನೆಯನ್ನೂ ಮುಚ್ಚುವ ಹೆಡ್‌ಗಾರ್ಡ್ ಇಬ್ಬರಿಗೂ ಇರಲಿ. ಲೇಸಿನ ತುದಿ, ವೆಲ್ಕ್ರೊ ಅಂಚುಗಳ ಮೇಲೆ ಟೇಪ್ ಸುತ್ತಿ. ಹುಬ್ಬಿನ ಕೂದಲನ್ನು ಹೆರೆಯಬೇಡಿ, ಅಂದಕ್ಕೆಂದು ತೆಳುವಾಗಿಸಲೂ ಬೇಡಿ.

ಪಂದ್ಯಕ್ಕೆ ಮೊದಲು ಹುಬ್ಬು, ಕೆನ್ನೆಮೂಳೆ, ಮೂಗಿನ ಸೇತುವೆಗೆ ವ್ಯಾಸಲೀನ್ ಹಚ್ಚುವುದಿದೆ. ಗ್ಲೌಸ್ ಚರ್ಮಕ್ಕೆ ಕಚ್ಚಿಕೊಳ್ಳದೆ ಜಾರಲಿ ಎಂಬುದು ಅದರ ಉದ್ದೇಶ. ನೇರವಾಗಿ ಬಂದ ಪೆಟ್ಟಿಗೂ ತಲೆಯ ಡಿಕ್ಕಿಗೂ ಅದು ಹೆಚ್ಚೇನೂ ಮಾಡದು, ಓರೆಯಾಗಿ ಸವರಿಕೊಂಡು ಹೋಗುವ ಪೆಟ್ಟಿಗೆ ಖಂಡಿತ ಉಪಯೋಗ. ತೆಳುವಾಗಿ ಹಚ್ಚಿ, ದಪ್ಪಗೆ ಬಳಿದರೆ ಬೆವರಿನೊಡನೆ ಕಣ್ಣಿಗಿಳಿಯುತ್ತದೆ, ಅಧಿಕಾರಿಗಳೂ ಒರೆಸಿ ಬಾ ಎನ್ನುತ್ತಾರೆ. ಎಷ್ಟು ಹಚ್ಚಬಹುದು, ಹಚ್ಚಬಹುದೇ ಎಂಬ ನಿಯಮ ಪಂದ್ಯ ನಡೆಸುವವರನ್ನು ಅವಲಂಬಿಸಿರುತ್ತದೆ, ಮೊದಲೇ ಕೇಳಿಕೊಳ್ಳಬೇಕು.

ಇಷ್ಟೆಲ್ಲ ಮಾಡಿಯೂ ಗಾಯ ಆಗುತ್ತದೆ. ಆಗ ಎಲ್ಲವೂ ರೌಂಡುಗಳ ನಡುವಿನ ಒಂದು ನಿಮಿಷದ ಮೇಲೆ ನಿಂತಿರುತ್ತದೆ. ಬಾಕ್ಸರ್ ಸ್ಟೂಲಿನ ಮೇಲೆ ಕೂರುವುದರೊಳಗೇ ಕೆಲವು ಸೆಕೆಂಡು ಹೋಗಿರುತ್ತವೆ. ಮೊದಲು ಸ್ವಚ್ಛ ಬಟ್ಟೆಯಿಂದ ಸುತ್ತಲಿನ ರಕ್ತವನ್ನು ಒರೆಸಿ ಗಾಯದ ಬಾಯಿ ಎಲ್ಲಿದೆ ಎಂದು ಕಾಣಬೇಕು, ರಕ್ತದ ಮೇಲೆಯೇ ಔಷಧ ಒತ್ತಿದರೆ ಅದು ಗಾಯಕ್ಕೆ ತಲುಪುವುದೇ ಇಲ್ಲ. ನಂತರ ಹತ್ತಿಯ ಕಡ್ಡಿಯನ್ನು ಗಾಯದೊಳಗಿಟ್ಟು, ಮೇಲಿನಿಂದ ಗಾಜ್ ಬಟ್ಟೆಯಿಂದ ಮೂಳೆಯ ಕಡೆಗೆ ಬಿಗಿಯಾಗಿ ಒತ್ತಿ ಹಿಡಿಯಬೇಕು. ಮಧ್ಯೆ ಮಧ್ಯೆ ತೆಗೆದು ನಿಂತಿತೇ ಎಂದು ನೋಡುವ ಆಸೆಯನ್ನು ತಡೆದುಕೊಳ್ಳುವುದೇ ಈ ಕೆಲಸದಲ್ಲಿ ಕಷ್ಟವಾದದ್ದು. ವೃತ್ತಿಪರ ಬಾಕ್ಸಿಂಗ್‌ನ ಕಟ್‌ಮ್ಯಾನ್ (ರೌಂಡುಗಳ ನಡುವೆ ಬಾಕ್ಸರನ ಗಾಯ ನೋಡಿಕೊಳ್ಳುವವರು) ಆ ಕಡ್ಡಿಯನ್ನು ಸಾವಿರಕ್ಕೆ ಒಂದು ಪಾಲಿನ ಅಡ್ರಿನಲಿನ್ ದ್ರಾವಣದಲ್ಲಿ ಅದ್ದಿರುತ್ತಾರೆ, ಅದು ರಕ್ತನಾಳಗಳನ್ನು ಸಂಕುಚಿಸುತ್ತದೆ. ನಿಮ್ಮ ಪಂದ್ಯದಲ್ಲಿ ಯಾವುದಕ್ಕೆ ಅನುಮತಿ ಇದೆ ಎಂದು ಕೇಳದೆ ಏನನ್ನೂ ಬಳಸಬೇಡಿ. ಮಾನ್ಸೆಲ್ ದ್ರಾವಣವೆಂಬ ಕಬ್ಬಿಣದ ಲವಣದ ಹಳೆಯ ಔಷಧವನ್ನು ಯಾರಾದರೂ ಕೊಟ್ಟರೆ ಬೇಡವೆನ್ನಿ. ಅದು ಅಂಗಾಂಶವನ್ನು ಸುಟ್ಟಂತೆ ಮಾಡಿ ರಕ್ತ ನಿಲ್ಲಿಸುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ, ಬಹಳ ಕಡೆ ನಿಷೇಧವೂ ಇದೆ. ನಿಮಿಷದ ಕೊನೆಗೆ ಗಾಯದ ಮೇಲೆ ವ್ಯಾಸಲೀನ್ ತುಂಬಿ ಕಳುಹಿಸುವುದು.

ವೈದ್ಯರು ಪಂದ್ಯ ನಿಲ್ಲಿಸಿದಾಗ ಕೋಪ ಬರುವುದು ಸಹಜ. 2003ರ ಜೂನ್‌ನಲ್ಲಿ ವಿಟಾಲಿ ಕ್ಲಿಚ್ಕೊ ಆರು ರೌಂಡುಗಳ ಕೊನೆಗೆ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಲೆನಾಕ್ಸ್ ಲೂಯಿಸ್‌ಗಿಂತ ಮುಂದಿದ್ದರು; ಎಡಗಣ್ಣಿನ ಮೇಲಿನ ಗಾಯ ನೋಡಿ ವೈದ್ಯರು ನಿಲ್ಲಿಸಿದರು, ಪಂಚ್‌ನಿಂದ ಆದ ಗಾಯವಾದ್ದರಿಂದ ಸೋಲು ಕ್ಲಿಚ್ಕೊ ಅವರದಾಯಿತು. 2019ರ ಸೆಪ್ಟೆಂಬರ್‌ನಲ್ಲಿ ಟೈಸನ್ ಫ್ಯೂರಿ ಅವರ ಬಲಗಣ್ಣಿನ ಮೇಲೆ ಮೂರನೆಯ ರೌಂಡಿನಲ್ಲೇ ಭೀಕರ ಸೀಳು ಬಿತ್ತು. ಅವರ ಕಟ್‌ಮ್ಯಾನ್ ಪ್ರತಿ ವಿರಾಮದಲ್ಲೂ ಅದನ್ನು ಸಂಭಾಳಿಸಿದ್ದರಿಂದ 12 ರೌಂಡು ಆಡಿ ಒಟ್ಟೊ ವಾಲಿನ್ ವಿರುದ್ಧ ಗೆದ್ದರು, ಆಮೇಲೆ 47 ಹೊಲಿಗೆ ಬಿದ್ದವು. ಎರಡೂ ಕಡೆ ನಿರ್ಧಾರ ವೈದ್ಯರದು. ರಕ್ತ ಕಣ್ಣಿಗಿಳಿದು ಪಂಚ್ ಕಾಣದ ಬಾಕ್ಸರನನ್ನು ಆಡಲು ಬಿಡುವುದು ಗಾಯಕ್ಕಿಂತ ದೊಡ್ಡ ಅಪಾಯ. ರೆಪ್ಪೆಯ ಅಂಚು, ಕಣ್ಣೀರಿನ ನಾಳ, ಹುಬ್ಬಿನ ನರ ಇವುಗಳಿಗೆ ತಾಗಿದ ಗಾಯವಾದರೆ ನಾನು ವೈದ್ಯರಿಗಾಗಿ ಕಾಯದೆ ರಿಂಗಿಗೆ ಟವೆಲ್ ಎಸೆದು ಪಂದ್ಯ ಬಿಟ್ಟುಕೊಡುತ್ತೇನೆ.

ಗಾಯ ತಲೆ ತಾಗಿ ಆದದ್ದಾದರೆ ಆ ಕ್ಷಣವೇ ರೆಫ್ರಿಯ ಗಮನಕ್ಕೆ ತನ್ನಿ. ವೃತ್ತಿಪರ ಪಂದ್ಯಗಳಲ್ಲಿ, ಆಕಸ್ಮಿಕವಾಗಿ ತಲೆ ತಾಗಿ ಆದ ಗಾಯದಿಂದ ಪಂದ್ಯ ನಿಂತರೆ, ಸಾಮಾನ್ಯವಾಗಿ ನಾಲ್ಕು ರೌಂಡು ಮುಗಿದಿದ್ದರೆ ಅಂಕಗಳ ಮೇಲೆ ತೀರ್ಮಾನವಾಗುತ್ತದೆ. ಅದೇ ಗಾಯ ಪಂಚ್‌ನಿಂದ ಆದದ್ದೆಂದು ರೆಫ್ರಿ ಬರೆದುಕೊಂಡಿದ್ದರೆ ಗಾಯಗೊಂಡವರಿಗೆ ಸೋಲು.

ಮಿಡಲ್‌ವೇಟ್

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೋಚ್ ಸರ್, ವಿಡಿಯೊ ನೋಡಿದೆ. ನೀವು ಹೇಳಿದಂತೆಯೇ ಬಲಗೈ ಹಾಕಿದ ಪ್ರತಿ ಸಲವೂ ತಲೆ ಮುಂದೆ ಹೋಗಿ ನಿಲ್ಲುತ್ತಿದೆ. ಡಾಕ್ಟರ್, ಇನ್ನೊಂದು ಪ್ರಶ್ನೆ ಇದೆ. ಕಲೆಯನ್ನು ತೆಗೆಸಿ, ಹುಬ್ಬಿನ ಮೂಳೆಯನ್ನು ಅರೆದು ದುಂಡಗೆ ಮಾಡುವ ಶಸ್ತ್ರಚಿಕಿತ್ಸೆ ಇದೆಯೆಂದು ಕೇಳಿದ್ದೇನೆ. ನನಗೆ ಅದರ ಅಗತ್ಯವಿದೆಯೇ? ಎರಡನೆಯ ಗಾಯದ ಹೊಲಿಗೆ ಬಿಚ್ಚಿ ಹೆಚ್ಚು ದಿನಗಳಾಗಿಲ್ಲ, ಮುಂದಿನ ಪಂದ್ಯಕ್ಕೆ ಕರೆ ಬಂದಿದೆ.

ಚರ್ಮವೈದ್ಯೆ

ಶಸ್ತ್ರಚಿಕಿತ್ಸೆ ಇರುವುದು ನಿಜ. ಮಿಶ್ರ ಸಮರ ಕಲೆಯ (ಎಂಎಂಎ) ಹೋರಾಟಗಾರ ನಿಕ್ ಡಯಾಜ್ ಹಳೆಯ ಗಾಯದ ಕಲೆಯ ಅಂಗಾಂಶ ತೆಗೆಸಿ, ಹುಬ್ಬಿನ ಮೂಳೆಯನ್ನೂ ಅರೆಸಿಕೊಂಡಿದ್ದರು. ಆದರೆ ಅದು ಅನೇಕ ಸಲ ಒಡೆದು ಕಲೆಯ ಮೇಲೆ ಕಲೆ ಕಟ್ಟಿಕೊಂಡವರಿಗೆ ಹೇಳುವ ಮಾತು. ಎರಡು ಸಲ ಒಡೆದ ಮಾತ್ರಕ್ಕೆ ಮೂಳೆಗೆ ಕೈಹಾಕುವ ಸಲಹೆಯನ್ನು ನಾನು ಕೊಡುವುದಿಲ್ಲ. ಕಲೆಯನ್ನು ತೆಗೆದು ಮತ್ತೆ ಹೊಲಿಯುವುದೂ ಒಂದು ಹೊಸ ಗಾಯವೇ. ಮಾಗುವ ಲೆಕ್ಕ ಅಲ್ಲಿಂದ ಮತ್ತೆ ಶುರುವಾಗುತ್ತದೆ.

ನೀವು ತಿಳಿದುಕೊಳ್ಳಬೇಕಾದದ್ದು, ಎರಡನೆಯ ಸಲ ಹೇಗೆ ಹೊಲಿದಿದ್ದಾರೆ ಎಂಬುದು. ಹುಬ್ಬಿನ ಆಳವಾದ ಗಾಯವನ್ನು ಒಳಗಿನ ಸ್ನಾಯುಪದರ, ಅದರ ಮೇಲಿನ ಚರ್ಮ ಎಂದು ಪದರ ಪದರವಾಗಿ ಹೊಲಿಯಬೇಕು. ಮೇಲಿನ ಚರ್ಮವನ್ನು ಮಾತ್ರ ಎಳೆದು ಹೊಲಿದಿದ್ದರೆ ಒಳಗೆ ಪೊಳ್ಳು ಉಳಿಯುತ್ತದೆ, ಅಲ್ಲಿ ರಕ್ತ ತುಂಬಿ ದುರ್ಬಲವಾದ ಕಲೆ ಕಟ್ಟುತ್ತದೆ. ಬೆರಳಿನಿಂದ ಮುಟ್ಟಿದಾಗ ಕಲೆಯ ಕೆಳಗೆ ಗುಳಿ ಸಿಕ್ಕರೆ ಅಥವಾ ಹುಬ್ಬೆತ್ತಿದಾಗ ಕಲೆ ಮೂಳೆಗೆ ಅಂಟಿಕೊಂಡು ಒಳಕ್ಕೆ ಎಳೆದುಕೊಂಡರೆ ಪ್ಲಾಸ್ಟಿಕ್ ಸರ್ಜನ್ ಒಬ್ಬರಿಗೆ ತೋರಿಸಿ. ಹಾಗಿಲ್ಲದಿದ್ದರೆ ಕೆಲವು ವಾರಗಳ ನಂತರ ದಿನಕ್ಕೆರಡು ಬಾರಿ ಸಿಲಿಕೋನ್ ಜೆಲ್ ಹಚ್ಚಿ, ಬೆರಳಿನಿಂದ ಮೃದುವಾಗಿ ನೀವಿಕೊಳ್ಳಿ. ಅದು ಕಲೆಯನ್ನು ಮೆತ್ತಗಿಡಲು ನೆರವಾಗುತ್ತದೆ. ಪಂದ್ಯದ ಕರೆಯನ್ನು ಈ ಬಾರಿ ಒಪ್ಪಿಕೊಳ್ಳಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಮೂರು ತಿಂಗಳವರೆಗೆ ಹುಬ್ಬಿಗೆ ಯಾವ ಪೆಟ್ಟೂ ಬೀಳದಿರಲಿ.

ಹಳೆಯ ಗ್ಲೌಸ್

ಡಾಕ್ಟರ್, ನಿಮ್ಮ ವಿವರಣೆ ಓದಿದ ಮೇಲೆ ಉಪ್ಪುನೀರನ್ನು ನಮ್ಮ ಹುಡುಗರಿಗೆ ನಾನಿನ್ನು ಹೇಳುವುದಿಲ್ಲ. ಮೂರು ತಿಂಗಳ ಬಿಡುವು ಎಂದರೆ ಮಾತ್ರ ಹುಡುಗರು ಮೈ ಬಿಟ್ಟುಬಿಡುತ್ತಾರೆ, ಅದಕ್ಕೆ ಕೋಚ್ ಅವರು ಏನಾದರೂ ಹೇಳಬೇಕು.

ಕಾರ್ನರ್ ಕೋಚ್

ಮೈ ಬಿಡುವ ಪ್ರಶ್ನೆಯೇ ಇಲ್ಲ. ಗಾಯ ಮೇಲ್ನೋಟಕ್ಕೆ ಕೂಡಿಕೊಂಡು, ಡಾಕ್ಟರ್ ಒಪ್ಪಿದ ಮೇಲೆ ಓಟ, ಹಗ್ಗ, ಬ್ಯಾಗ್, ಪ್ಯಾಡ್ ಎಲ್ಲವೂ ನಡೆಯಬಹುದು. ಬೆವರನ್ನು ಹುಬ್ಬಿನ ಮೇಲೆ ಉಜ್ಜದೆ ಒತ್ತಿ ಒರೆಸಿಕೊಳ್ಳಬೇಕು ಅಷ್ಟೆ. ಸ್ಪಾರಿಂಗ್ ಪೂರ್ತಿ ನಿಲ್ಲಲಿ. ಆ ಸಮಯವನ್ನು ತಲೆ ಪಕ್ಕಕ್ಕೆ ತರುವ ಅಭ್ಯಾಸಕ್ಕೆ ಕೊಡಿ: ರಿಂಗಿಗೆ ಅಡ್ಡಲಾಗಿ ಎದೆಯೆತ್ತರಕ್ಕೆ ಹಗ್ಗ ಕಟ್ಟಿ, ಪ್ರತಿ ಬಲಗೈ ಪಂಚ್ ಮುಗಿದೊಡನೆ ಅದರ ಕೆಳಗೆ ತಗ್ಗಿ ಇನ್ನೊಂದು ಬದಿಗೆ ಏಳುವುದು. ಮರಳಿ ಸ್ಪಾರಿಂಗ್ ಶುರುಮಾಡಿದಾಗ ಮೊದಲ ವಾರಗಳಲ್ಲಿ ಹೊಟ್ಟೆ, ಪಕ್ಕೆಗಳಿಗೆ ಮಾತ್ರ ಪಂಚ್ ಎಂಬ ಒಪ್ಪಂದದ ಮೇಲೆ ಆಡಿ. ಪಂದ್ಯದ ಹಿಂದಿನ ಒಂದೆರಡು ವಾರ ಮುಖಕ್ಕೆ ಸ್ಪಾರಿಂಗ್ ಬೇಡ. 2024ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಫ್ಯೂರಿ ಮತ್ತು ಉಸಿಕ್ ಅವರ ಪಂದ್ಯವೂ ಸ್ಪಾರಿಂಗ್‌ನಲ್ಲಿ ಫ್ಯೂರಿ ಅವರಿಗಾದ ಗಾಯದಿಂದಲೇ ಮೇ ತಿಂಗಳಿಗೆ ಹೋಯಿತು.

ಕೊನೆಯದಾಗಿ, ಪಂದ್ಯದ ಮೊದಲಿನ ವೈದ್ಯಕೀಯ ತಪಾಸಣೆಯಲ್ಲಿ ಆ ಕಲೆ ಎಂದು ಆದದ್ದು, ಎಷ್ಟು ಸಲ ಒಡೆದದ್ದು, ಹೊಲಿಗೆ ಯಾವಾಗ ಬಿಚ್ಚಿದ್ದು ಎಂಬುದನ್ನು ನೀವಾಗಿಯೇ ಹೇಳಿ. ಅದೇ ವಿವರವನ್ನು ನಿಮ್ಮ ಕಾರ್ನರ್‌ನಲ್ಲಿ ನಿಲ್ಲುವವರಿಗೂ ತಿಳಿಸಿ, ಅಲ್ಲಿಂದ ರಕ್ತ ಬಂದರೆ ಮೊದಲು ಒತ್ತುವವರು ಯಾರೆಂದು ಹಿಂದಿನ ದಿನವೇ ತೀರ್ಮಾನಿಸಿಕೊಳ್ಳಿ.